ತಂಗಡಿ, ಕಕ್ಕೆ, ನೆಲಾವರಿಕೆ: ಯಾರು ಯಾರಿಗೆ ನೆಂಟರು?

ಕುಷಾಯಿಗೂಡದ ಸುತ್ತಮುತ್ತ ಇರೋ ನಮ್ಮವರಿಗೆ ತಂಗೇಡು ಹೂವಿನ ಪರಿಚಯ ಹೊಸದಾಗಿ ಮಾಡಿಸಬೇಕಿಲ್ಲ. ಮಹಾಲಯ ಅಮಾವಾಸ್ಯೆಗೆ ಬತುಕಮ್ಮ ಶುರುವಾದರೆ ಎಲ್ಲಿ ನೋಡಿದರೂ ಈ ಹಳದಿ ಹೂವೇ. 2014ರಲ್ಲಿ ತೆಲಂಗಾಣ ರಾಜ್ಯವಾದಾಗ ಇದನ್ನೇ ರಾಜ್ಯಪುಷ್ಪ ಮಾಡಿಕೊಂಡರು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ನಾನು ಹೇಳೋದು ಇಷ್ಟೇ: ಇದು ನಮ್ಮೂರಿನ ಗಿಡವೂ ಹೌದು. ಬಯಲುಸೀಮೆಯ ಬೀಳುನೆಲದಲ್ಲಿ ಇದಕ್ಕೆ ತಂಗಡಿ ಅಂತಾರೆ, ಆವರಿಕೆ ಅಂತಲೂ ಅಂತಾರೆ.

ಈಗ ಇದರ ಶಾಸ್ತ್ರೀಯ ಹೆಸರಿನ ಕಥೆಗೆ ಬರೋಣ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಕ್ಯಾಸಿಯಾ ಆರಿಕ್ಯುಲೇಟ ಅಂತ ಹೆಸರಿಟ್ಟರು. ಆರಿಕ್ಯುಲೇಟ ಅಂದರೆ ಕಿವಿ ಇರುವಂಥದ್ದು. ಎಲೆಯ ಬುಡದಲ್ಲಿ ಪುಟ್ಟ ಕಿವಿಗಳ ಹಾಗೆ ಎರಡು ಎಸಳು ಇರ್ತವೆ, ಗಿಡ ಸಿಕ್ಕಾಗ ನೋಡಿ. ನಮ್ಮ ಕಕ್ಕೆ ಮರವನ್ನೂ, ಸೋನಾಮುಖಿಯನ್ನೂ ಅವರು ಕ್ಯಾಸಿಯಾಕ್ಕೇ ಸೇರಿಸಿದ್ದರು.

ಸಾಮಲಕೋಟದಲ್ಲಿದ್ದು ಕೋರಮಂಡಲ ತೀರದ ಗಿಡಗಳನ್ನು ಕಣ್ಣಾರೆ ಕಂಡ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಒಪ್ಪಲಿಲ್ಲ. ಅವರು ತೀರಿಕೊಂಡ ಮೇಲೆ, 1832ರಲ್ಲಿ ಅಚ್ಚಾದ ಫ್ಲೋರಾ ಇಂಡಿಕಾದಲ್ಲಿ ತಂಗಡಿ ಸೆನ್ನಾ ಆರಿಕ್ಯುಲೇಟ ಆಯಿತು. ಆದರೆ 1871ರಲ್ಲಿ ಜಾರ್ಜ್ ಬೆಂಥಮ್ ಸೆನ್ನಾವನ್ನು ಮತ್ತೆ ಕ್ಯಾಸಿಯಾದ ಒಳಗೇ ಸೇರಿಸಿಬಿಟ್ಟರು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದೇ ನಡೀತು.

1982ರಲ್ಲಿ ಅಮೆರಿಕದ ಇರ್ವಿನ್ ಮತ್ತು ಬಾರ್ನೆಬಿ ಆ ದೊಡ್ಡ ಕ್ಯಾಸಿಯಾವನ್ನು ಮೂರು ಪಾಲು ಮಾಡಿದರು. ಕಕ್ಕೆ ಹೂವಿನಲ್ಲಿ ಮೂರು ಕೇಸರಗಳು ಉದ್ದವಾಗಿ, ಎಸ್ ಅಕ್ಷರದ ಹಾಗೆ ಬಳುಕಿರ್ತವೆ. ತಂಗಡಿಯಲ್ಲಿ ಆ ಬಳುಕಿಲ್ಲ. ಹಾಗಾಗಿ ಕಕ್ಕೆ ಕ್ಯಾಸಿಯಾದಲ್ಲೇ ಉಳೀತು, ತಂಗಡಿ ಮತ್ತು ಸೋನಾಮುಖಿ ಸೆನ್ನಾಕ್ಕೆ ಬಂದವು. ರಾಕ್ಸ್‌ಬರ್ಗ್ ಕೊಟ್ಟ ಹೆಸರು 150 ವರ್ಷದ ಮೇಲೆ ಗೆದ್ದಿತು.

ಇನ್ನು ನನಗೆ ಬಹಳ ಇಷ್ಟವಾದ ವಿಷಯ. ಸೋನಾಮುಖಿಗೆ ಕನ್ನಡದಲ್ಲಿ ಏನಂತಾರೆ ಗೊತ್ತಾ? ನೆಲಾವರಿಕೆ! ಆವರಿಕೆ, ನೆಲಾವರಿಕೆ ಒಂದು ಮನೆಯವು, ಕಕ್ಕೆ ಬೇರೆ. ಕೇಸರ ಅಳೆಯದೆ, ಲ್ಯಾಟಿನ್ ಕಲಿಯದೆ, ಗಿಡದ ಜೊತೆ ಬದುಕಿದ ಜನ ಇಟ್ಟ ಹೆಸರುಗಳಿವು.

ಶಾಸ್ತ್ರದ ಹೆಸರು ಬದಲಾದರೆ ಹಳೇದೂ ಪುಸ್ತಕದಲ್ಲಿ ದಾಖಲೆಯಾಗಿ ಉಳಿಯುತ್ತೆ, ಹುಡುಕಿದರೆ ಸಿಗುತ್ತೆ. ಮನೆಮಾತಿನ ಹೆಸರಿಗೆ ಆ ಭಾಗ್ಯವಿಲ್ಲ. ಒಂದು ತಲೆಮಾರು ಅದನ್ನು "ಹಳದಿ ಹೂವು" ಅಂದುಬಿಟ್ಟರೆ ನೆಲಾವರಿಕೆಯ ನಂಟೂ ಅಲ್ಲಿಗೆ ಮುಗೀತು. ಈ ಸಲ ಬತುಕಮ್ಮ ಬಂದಾಗ ಮಕ್ಕಳಿಗೆ ತಂಗೇಡು ಅನ್ನೋದನ್ನೂ ಕಲಿಸಿ, ತಂಗಡಿ, ಆವರಿಕೆ ಅನ್ನೋದನ್ನೂ ಕಲಿಸಿ. ನಿಮ್ಮೂರ ಕಡೆ ಇದಕ್ಕೆ ಬೇರೆ ಹೆಸರಿದ್ದರೆ ಅದನ್ನೂ ಮರೀಬೇಡಿ.