ರೋಗಿಗೆ ಸಲ್ಲುವುದು ದಾನವೋ, ನ್ಯಾಯವೋ?



ಶತಮಾನೋತ್ಸವದ ಸಂಚಿಕೆಗಳಲ್ಲಿ ಧರ್ಮಸಭೆಯ ರೋಗಿಸೇವೆಯನ್ನು ಸ್ಮರಿಸುವುದು ವಾಡಿಕೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರರು ಬಡವರಿಗಾಗಿ ಆರಂಭಿಸಿದ ಹೋಮಿಯೋಪಥಿ ಔಷಧಾಲಯ, 1886ರಲ್ಲಿ ಬೆಂಗಳೂರಿನಲ್ಲಿ ಧರ್ಮಭಗಿನಿಯರು ತೆರೆದ ಸಂತ ಮಾರ್ತಾ ಆಸ್ಪತ್ರೆ ನಮಗೆ ಹೆಮ್ಮೆಯ ವಿಷಯಗಳೇ ಸರಿ. ಆದರೆ ಇವು ದಾನದ ಚರಿತ್ರೆ. ಚಿಕಿತ್ಸೆಯು ರೋಗಿಗೆ ದಾನವಾಗಿ ಸಲ್ಲತಕ್ಕದ್ದೋ, ನ್ಯಾಯವಾಗಿ ಸಲ್ಲತಕ್ಕದ್ದೋ? ಈ ಪ್ರಶ್ನೆ ಕೆನಡಾ ದೇಶದ ಸಸ್ಕಾಚೆವಾನ್ ಎಂಬ ಗೋಧಿ ಬೆಳೆಯುವ ಪ್ರಾಂತ್ಯದಲ್ಲಿ ಒಮ್ಮೆ ಬೀದಿಗೇ ಬಂದಿತ್ತು. ಆ ಸಂಗತಿಯನ್ನು ಇಲ್ಲಿ ಹೇಳಬಯಸುತ್ತೇನೆ.

1904ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಟಾಮಿ ಡಗ್ಲಸ್ ಎಂಬ ಬಾಲಕ ಕೆನಡಾದ ವಿನಿಪೆಗ್ ನಗರಕ್ಕೆ ವಲಸೆ ಬಂದ. ಅವನ ಕಾಲಿನ ಮೂಳೆ ಕೀವು ತುಂಬಿ ಕೊಳೆಯುತ್ತಿತ್ತು. ಹಣವಿಲ್ಲದ ಮನೆ, ಕಾಲು ಕತ್ತರಿಸುವುದೊಂದೇ ದಾರಿ ಎಂದಾಗಿತ್ತು. ನಿಪುಣ ಶಸ್ತ್ರವೈದ್ಯರೊಬ್ಬರು, ತಮ್ಮ ವಿದ್ಯಾರ್ಥಿಗಳು ನೋಡಿ ಕಲಿಯಲು ಒಪ್ಪುವುದಾದರೆ ಪುಕ್ಕಟೆಯಾಗಿ ಚಿಕಿತ್ಸೆ ಮಾಡುವೆನೆಂದರು. ಕಾಲು ಉಳಿಯಿತು. ಆ ವೈದ್ಯರ ಕಣ್ಣಿಗೆ ತಾನು ಬೀಳದೆ ಹೋಗಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಅವನನ್ನು ಬಿಡಲಿಲ್ಲ.

ಡಗ್ಲಸರು ಬ್ಯಾಪ್ಟಿಸ್ಟ್ ಬೋಧಕರಾದರು. ನಮ್ಮ ಬೇರ್ಪಟ್ಟ ಸೋದರರಲ್ಲೊಬ್ಬರು. ಬರಗಾಲದಲ್ಲಿ ಬೆಂದ ರೈತರ ನಡುವೆ ದುಡಿದು, ರಾಜಕೀಯಕ್ಕಿಳಿದು, 1944ರಲ್ಲಿ ಪ್ರಾಂತ್ಯದ ಮುಖ್ಯಮಂತ್ರಿಯಾದರು. 1947ರಲ್ಲಿ ಸರ್ವರಿಗೂ ಆಸ್ಪತ್ರೆಯ ವೆಚ್ಚ ಭರಿಸುವ ಯೋಜನೆ ಬಂದಿತು. ವೈದ್ಯರ ಶುಲ್ಕವನ್ನೂ ಒಳಗೊಂಡ ಯೋಜನೆಯನ್ನು ಅವರ ಉತ್ತರಾಧಿಕಾರಿ ವುಡ್ರೋ ಲಾಯ್ಡ್ 1962ರ ಜುಲೈ 1ರಂದು ಜಾರಿಗೆ ತಂದರು. ಅಂದೇ ಬಹುಪಾಲು ವೈದ್ಯರು ತಮ್ಮ ಚಿಕಿತ್ಸಾಲಯಗಳಿಗೆ ಬೀಗ ಹಾಕಿದರು. ಮುಷ್ಕರ 23 ದಿನ ನಡೆಯಿತು.

ಇಲ್ಲಿ ನಮಗೆ ಮುಜುಗರವಾಗುವ ಮಾತೊಂದನ್ನು ಮುಚ್ಚಿಡಲಾರೆ. ಯೋಜನೆಯ ವಿರುದ್ಧ ಕಿಡಿಕಾರಿದ ಭಾಷಣಕಾರರಲ್ಲಿ ಅಗ್ರಗಣ್ಯರು ಕಥೋಲಿಕ ಗುರು ಆಥೋಲ್ ಮರ್ರೆ. ಬಡ ಹುಡುಗರಿಗೆ ವಿದ್ಯೆ ಕೊಟ್ಟ ಪುಣ್ಯಾತ್ಮರು ಅವರು. ಸರ್ಕಾರದ ಕೈ ಉದ್ದವಾದರೆ ಸ್ವಾತಂತ್ರ್ಯ ಅಳಿಯುವುದೆಂದು ಹೆದರಿದರು. ಕಮ್ಯೂನಿಸ್ಟ್ ದೇಶಗಳಲ್ಲಿ ಗುರುಗಳು ಸೆರೆಮನೆಯಲ್ಲಿದ್ದ ಕಾಲವದು, ಆ ಭಯವನ್ನು ಹಗುರವಾಗಿ ಕಾಣಲಾಗದು. ಆದರೂ ಕಾಲು ಕೊಳೆಯುತ್ತಿದ್ದ ಬಾಲಕನಿಗೆ ಯಾವ ಸ್ವಾತಂತ್ರ್ಯವಿತ್ತು? ಗುರುಗಳು ತಪ್ಪಿದರೆಂದೇ ನನ್ನ ಎಣಿಕೆ. ಜುಲೈ 23ರಂದು ಒಪ್ಪಂದವಾಯಿತು. ವೈದ್ಯರಿಗೆ ಕೆಲವು ರಿಯಾಯಿತಿಗಳು ದೊರೆತವು, ಯೋಜನೆ ಉಳಿಯಿತು.

ಒಂಬತ್ತು ತಿಂಗಳೂ ತುಂಬಿರಲಿಲ್ಲ. 1963ರ ಏಪ್ರಿಲ್ 11ರಂದು ಜಗದ್ಗುರು ಇಪ್ಪತ್ತಮೂರನೆಯ ಜಾನರು ಲೋಕಶಾಂತಿಯನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ ಅನ್ನ, ವಸ್ತ್ರ, ವಸತಿಗಳ ಸಾಲಿನಲ್ಲೇ ವೈದ್ಯೋಪಚಾರವನ್ನೂ ಮನುಷ್ಯನ ಹಕ್ಕೆಂದು ಎಣಿಸಿದರು. ಮರುವರ್ಷ ಕಥೋಲಿಕ ನ್ಯಾಯಮೂರ್ತಿ ಎಮ್ಮೆಟ್ ಹಾಲರ ಆಯೋಗವು ಇಡೀ ಕೆನಡಾಕ್ಕೆ ಇಂತಹ ಯೋಜನೆಯನ್ನು ಶಿಫಾರಸು ಮಾಡಿತು. 1966ರಲ್ಲಿ ಅದು ಶಾಸನವಾಯಿತು.

ಹಣವಿಲ್ಲವೆಂಬ ಕಾರಣದಿಂದ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು ನಮ್ಮ ದೇಶದಲ್ಲಿ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಸಂವಿಧಾನದ 47ನೆಯ ವಿಧಿ ಸಾರ್ವಜನಿಕ ಆರೋಗ್ಯದ ಸುಧಾರಣೆಯನ್ನು ರಾಜ್ಯದ ಕರ್ತವ್ಯವೆಂದಿದೆ. ಆದರೆ ನಿರ್ದೇಶಕ ತತ್ವವಾದುದರಿಂದ ಅದೊಂದನ್ನೇ ಹಿಡಿದು ನ್ಯಾಯಾಲಯದಲ್ಲಿ ಹಕ್ಕು ಸಾಧಿಸುವಂತಿಲ್ಲ.

ಅದಕ್ಕೇ ಜನರು ಆಸ್ಪತ್ರೆಯ ಬಿಲ್ಲಿನಲ್ಲಿ ರಿಯಾಯಿತಿಗಾಗಿ ನನ್ನಿಂದ ಪತ್ರ ಬರೆಸಿಕೊಳ್ಳಲು ಬರುತ್ತಾರೆ. ಕಳೆದ ತಪಸ್ಸುಕಾಲದಲ್ಲಿ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು ಕೇಳಿದಳು: “ಸ್ವಾಮಿ, ನಾನು ನಿಮ್ಮ ಚರ್ಚಿನವಳಲ್ಲ. ನನಗೂ ಒಂದು ಚೀಟಿ ಬರೆದುಕೊಡ್ತೀರಾ?” ಬರೆದುಕೊಟ್ಟೆ. ಅದು ಫಲಿಸಿತೋ ಇಲ್ಲವೋ, ಅವಳು ಮತ್ತೆ ಬರಲಿಲ್ಲ.