ತಂಬೂರಿಯ ಕುದುರೆ

ತಂಬೂರಿಯ ಮುಖಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಅಗಲವಾದ ಆಸರೆಯೇ ಕುದುರೆ. ಇದರ ಮೇಲ್ಮೈಯ ನಸು ಇಳಿಜಾರನ್ನು ತಂತಿಯು ಸವರುತ್ತ ಕಂಪಿಸುವುದರಿಂದ ಜವಾರಿ ಎಂಬ ಝೇಂಕಾರ ಹುಟ್ಟುತ್ತದೆ. ತಂತಿಯ ಅಡಿಯಲ್ಲಿ ಇಡುವ ನೂಲೆಳೆಯಿಂದ ಅದನ್ನು ಹದಗೊಳಿಸುತ್ತಾರೆ.

ಬದಲಾವಣೆ

ತಂತಿಯ ಉಜ್ಜಾಟದಿಂದ ಮೇಲ್ಮೈಯಲ್ಲಿ ಗೆರೆ ಬಿದ್ದರೆ ನಾದವು ಮಂಕಾಗುತ್ತದೆ. ಆಗ ಮೊದಲು ಅರದಿಂದ ಉಜ್ಜಿ ಜವಾರಿಯನ್ನು ಸರಿಪಡಿಸುವುದು ವಾಡಿಕೆ. ಕುದುರೆ ಸೀಳಿದ್ದರೆ ಅಥವಾ ತೀರ ಸವೆದಿದ್ದರೆ ಮಾತ್ರ ಬದಲಿಸಬೇಕಾಗುತ್ತದೆ. ಹೊಸದರ ಎತ್ತರ, ಅಗಲಗಳು ಹಳೆಯದಕ್ಕೆ ಹೊಂದಬೇಕು. ಪಾದಗಳು ಮುಖಹಲಗೆಯ ಉಬ್ಬಿಗೆ ಸಂದಿಲ್ಲದಂತೆ ಕೂರಬೇಕು. ಜಿಂಕೆಯ ಕೊಂಬಿನ ಮಾರಾಟವು ವನ್ಯಜೀವಿ ಕಾಯ್ದೆಯಡಿ ನಿಷಿದ್ಧವಾದ್ದರಿಂದ ಎಲುಬು, ಕರಿಮರ ಅಥವಾ ಕೃತಕ ವಸ್ತುವಿನ ಕುದುರೆಗಳನ್ನು ಆರಿಸುತ್ತಾರೆ.

ತಯಾರಿಕೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಸಮೀಪದ ಪ್ರಸಿದ್ಧ ತಂಬೂರಿ ತಯಾರಿಕಾ ಕೇಂದ್ರವು ಮಹಾರಾಷ್ಟ್ರದ ಮಿರಜ. ಅಲ್ಲಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.