ಹೊಸ ಮಾತು, ಹಳೆಯ ಓಲೆಕಾರ

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಬಂದವರೊಬ್ಬರು ಕೆರೆಯ ದಂಡೆಯಲ್ಲಿ ನಿಂತು, ಕಂಡ ಹಕ್ಕಿಯ ವಿವರವನ್ನು ಮೊಬೈಲಿನಲ್ಲಿ ಹುಡುಕಿದರೆನ್ನಿ. ಆ ಕೋರಿಕೆ ನೇರವಾಗಿ ದೂರದ ಗಣಕಯಂತ್ರವನ್ನು ಮುಟ್ಟುವುದೆಂದು ನಾವು ಭಾವಿಸುತ್ತೇವೆ. ಎಲ್ಲ ವೇಳೆಯೂ ಹಾಗಲ್ಲ. ಕೆಲವು ವೇಳೆ ‘ಪ್ರಾಕ್ಸಿ’ ಎಂಬ ಮಧ್ಯವರ್ತಿ ಯಂತ್ರವು ಓಲೆಕಾರನಂತೆ ನಡುವೆ ನಿಂತು, ಕೋರಿಕೆಯನ್ನು ಒಯ್ದು ಉತ್ತರವನ್ನು ತಂದೊಪ್ಪಿಸುತ್ತದೆ. ಮಾತನಾಡುವ ಇಬ್ಬರೂ ಹೊಸ ರೀತಿಯನ್ನು ಕಲಿತರೆ ಸಾಲದು. ಓಲೆಕಾರನೂ ಅದನ್ನು ಕೆಡಿಸದೆ ಸಾಗಿಸಬೇಕು. ಅಂತರಜಾಲದ ಇತಿಹಾಸದಲ್ಲಿ ಇದಕ್ಕೆ ಎರಡು ನಿದರ್ಶನಗಳು ಗಮನಾರ್ಹವಾಗಿವೆ.

ಜಾಲದ ಯಂತ್ರಗಳು ಪರಸ್ಪರ ಸಂಭಾಷಿಸುವ ಕಟ್ಟಳೆಗೆ ಎಚ್‌ಟಿಟಿಪಿ ಎಂದು ಹೆಸರು. ಅದರ 1.0 ಆವೃತ್ತಿಯ ವಿವರಣೆ 1996ರ ಮೇ ತಿಂಗಳಲ್ಲಿಯೂ 1.1 ಆವೃತ್ತಿಯ ವಿವರಣೆ 1997ರ ಜನವರಿಯಲ್ಲಿಯೂ ಪ್ರಕಟವಾದವು. ಈ ನಡುವೆ, 1996ರ ಡಿಸೆಂಬರಿನಲ್ಲಿ, ಅಪಾಚೆ ಎಂಬ ಸರ್ವರ್ ತಂತ್ರಾಂಶದ ಪರೀಕ್ಷಾ ಆವೃತ್ತಿಯು ತನ್ನ ಉತ್ತರದ ತಲೆಯ ಮೇಲೆ ‘1.1’ ಎಂದು ನಮೂದಿಸುತ್ತಿತ್ತು. ಒಳಗಿನ ಒಕ್ಕಣೆಯೇನೋ ಹಳೆಯ ಯಂತ್ರಗಳಿಗೂ ತಿಳಿಯುವಂಥದೇ. ಆದರೂ ಅಮೆರಿಕದ ಎಓಎಲ್ ಸಂಸ್ಥೆಯ ಪ್ರಾಕ್ಸಿಗಳು ಆ ಅಂಕಿಯನ್ನು ಕಂಡೊಡನೆ ಉತ್ತರವನ್ನೇ ತಿರಸ್ಕರಿಸಿದವು. ಅದರ ಚಂದಾದಾರರಿಗೆ ಅಂತಹ ತಾಣಗಳ ಬಾಗಿಲು ಮುಚ್ಚಿದಂತಾಯಿತು. ಆವೃತ್ತಿಯ ಅಂಕಿಯ ಅರ್ಥವೇನು, ಮಧ್ಯವರ್ತಿಯ ಕರ್ತವ್ಯವೇನು ಎಂಬುದನ್ನು 1997ರ ಮೇ ತಿಂಗಳಲ್ಲಿ ಪ್ರತ್ಯೇಕ ಬರಹವೊಂದರಿಂದ ಸ್ಪಷ್ಟಪಡಿಸಬೇಕಾಯಿತು.

ಇಪ್ಪತ್ತು ವರ್ಷಗಳ ಬಳಿಕ ಅದೇ ತೊಡಕು ಮರಳಿತು. ನಮ್ಮ ಬ್ಯಾಂಕಿನ ವ್ಯವಹಾರವನ್ನು ಗುಟ್ಟಾಗಿ ಕಾಯುವ ಟಿಎಲ್‌ಎಸ್ ಎಂಬ ಕಟ್ಟಳೆಯ 1.3 ಆವೃತ್ತಿಯನ್ನು 2017ರಲ್ಲಿ ಬ್ರೌಸರುಗಳಲ್ಲಿ ಪರೀಕ್ಷಿಸಿದಾಗ, ನಡುವಣ ಕೆಲವು ತಪಾಸಣಾ ಯಂತ್ರಗಳು ಸಂಪರ್ಕವನ್ನೇ ಕಡಿದವು. ಹಳೆಯ ಆವೃತ್ತಿಗೆ ಹಿಂದಿರುಗುವುದು ಸುಲಭ. ಆದರೆ ಹಳೆಯ ಬೀಗದ ದೋಷಗಳನ್ನು ಕಳ್ಳರು ಬಲ್ಲರು. ಆದುದರಿಂದ ತಜ್ಞರು ಹೊಸ ಮಾತಿಗೆ ಹಳೆಯ ವೇಷವನ್ನು ತೊಡಿಸಿದರು. ಮೊದಲ ವಂದನೆಯಲ್ಲಿ ‘1.2’ ಎಂದೇ ಬರೆದು, ನಿಜವಾದ ಆವೃತ್ತಿಯನ್ನು ಒಳಗೆ ಬೇರೊಂದು ಸ್ಥಾನದಲ್ಲಿ ತಿಳಿಸಿದರು. ಹೀಗೆ ತಿದ್ದುಗೊಂಡ ಕಟ್ಟಳೆ 2018ರ ಆಗಸ್ಟಿನಲ್ಲಿ ಪ್ರಕಟವಾಯಿತು.

2020ರ ಜನವರಿಯಲ್ಲಿ ಮತ್ತೊಂದು ಉಪಾಯ ಪ್ರಕಟವಾಯಿತು. ಬ್ರೌಸರು ಆಗಾಗ ಅರ್ಥವಿಲ್ಲದ ಹೊಸ ಸಂಖ್ಯೆಗಳನ್ನು ಬೇಕೆಂದೇ ಕಳುಹಿಸುವುದು. ಅವುಗಳನ್ನು ಕಂಡು ಬೆದರುವ ಯಂತ್ರದ ದೋಷವು ಕೂಡಲೆ ಬಯಲಾಗುವುದು. ಇದರ ಇಂಗ್ಲಿಷ್ ಹೆಸರು ‘ಗ್ರೀಸ್’. ನಮ್ಮ ಬಂಡಿಯವರ ಮಾತಿನಲ್ಲಿ ಹೇಳುವುದಾದರೆ ಕೀಲೆಣ್ಣೆ. ತಿರುಗದ ಕೀಲು ತುಕ್ಕು ಹಿಡಿಯುತ್ತದೆ; ಹೊಸತನ್ನು ಕಾಣದ ಯಂತ್ರವೂ ಹಾಗೆಯೇ.

ಓಲೆಕಾರನಿಗೆ ಓಲೆಯ ಪಾಂಡಿತ್ಯ ಬೇಕಿಲ್ಲ. ತನಗೆ ತಿಳಿಯದುದನ್ನೆಲ್ಲ ತಪ್ಪೆಂದು ಹರಿದೊಗೆಯದಿದ್ದರೆ ಸಾಕು.